ಮಕೆರೆರೆ ಗುಡ್ಡದಿಂದ ಇಳಿದ ಓದು

ಕಂಪಾಲ ಗುಡ್ಡಗಳ ಮೇಲೆ ಕುಳಿತ ಊರು. ಆ ಗುಡ್ಡಗಳಲ್ಲಿ ಒಂದು ಓದಿಗೇ ಮೀಸಲು. ಅದೇ ಮಕೆರೆರೆ. 1922ರಲ್ಲಿ ಪುಟ್ಟ ತಾಂತ್ರಿಕ ಶಾಲೆಯಾಗಿ ಶುರುವಾದ ಈ ವಿಶ್ವವಿದ್ಯಾಲಯದಲ್ಲಿ ಜೂಲಿಯಸ್ ನೈರೇರೆ ಓದಿದರು, ಗೂಗಿ ವಾ ಥಿಯಾಂಗೊ ಓದಿದರು. ವಾಂಡೆಗೆಯ ಕಡೆಯಿಂದ ಏರು ಹತ್ತುತ್ತಿದ್ದರೆ ಮರಗಳ ತುದಿಯಲ್ಲಿ ಮರಾಬೂ ಕೊಕ್ಕರೆಗಳು. ಬೋಳು ತಲೆ, ಜೋತುಬಿದ್ದ ಕೊರಳಚೀಲ, ನನ್ನ ಎದೆಮಟ್ಟಕ್ಕೆ ಬರುವಷ್ಟು ಎತ್ತರ. ಇಷ್ಟು ದೊಡ್ಡ ಹಕ್ಕಿಗಳು ಪೇಟೆಯ ನಡುವೆ ಸಂಸಾರ ಹೂಡಿರುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಕತ್ತೆತ್ತಿ ಅವನ್ನೇ ನೋಡುತ್ತಿದ್ದಾಗ ಜೊತೆಯಲ್ಲಿದ್ದ ಗೆಳೆಯರೊಬ್ಬರು ಕೂಗಿದರು: "ಅರೆ, ಇಲ್ನೋಡಿ! ನನ್ನ ಫೋನ್ ತಾನಾಗೇ ಕನೆಕ್ಟ್ ಆಗಿಬಿಟ್ಟಿದೆ!"

ಅವರು ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರವರು. ಅಲ್ಲಿ ಎಂದೋ ಒಮ್ಮೆ ಹಾಕಿಟ್ಟಿದ್ದ 'ಎಜುರೋಮ್' ವೈಫೈ ಲಾಗಿನ್ ಇಲ್ಲಿ, ಭೂಮಧ್ಯರೇಖೆಯ ಮಗ್ಗುಲಲ್ಲಿ, ಯಾರನ್ನೂ ಕೇಳದೆ ಕೆಲಸ ಮಾಡುತ್ತಿತ್ತು. ಆಮೇಲೆ ಅವರೇ ಬಿಡಿಸಿ ಹೇಳಿದರು. ಫೋನು ಮೊದಲು ಮಕೆರೆರೆಯ ಸರ್ವರಿನ ಕದ ತಟ್ಟುತ್ತದೆ. ಅದು 'ಇವರು ನಮ್ಮವರಲ್ಲ' ಎಂದು ಉಗಾಂಡದ ವಿದ್ಯಾಜಾಲವಾದ ರೆನುಗೆ ದಾಟಿಸುತ್ತದೆ. ಅಲ್ಲಿಂದ ವಿಷಯ ಎಜುರೋಮಿನ ಮೇಲುಹಂತದ ಸರ್ವರಿನ ಮೂಲಕ ಭಾರತದ ವಿದ್ಯಾಜಾಲವಾದ ಅರ್ನೆಟ್‌ಗೆ, ಅರ್ನೆಟ್‌ನಿಂದ ಬೆಂಗಳೂರಿನ ಸಂಸ್ಥೆಗೆ. ಅಲ್ಲಿಂದ 'ಹೌದು, ನಮ್ಮವರೇ' ಎಂಬ ಉತ್ತರ ಬಂದ ಮೇಲೆ ಇಲ್ಲಿ ಬಾಗಿಲು ತೆರೆಯುತ್ತದೆ. ಇಷ್ಟೂ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ನನಗೆ ಮೈ ಜುಮ್ಮೆಂದಿತು. 1896ರಿಂದ ಉಗಾಂಡ ರೈಲಿನ ಹಳಿ ಹಾಕಲು ಮೂವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಕೂಲಿಗಳು ಹಡಗಿನಿಂದ ಇಳಿದದ್ದು ಕೆನ್ಯಾ ಕರಾವಳಿಯ ಮೊಂಬಾಸಾದಲ್ಲಿ. 2009ರಲ್ಲಿ ಸಮುದ್ರದಡಿಯ ಸೀಕಾಮ್ ಕೇಬಲ್ ದಡ ಸೇರಿದ್ದೂ ಅದೇ ಮೊಂಬಾಸಾದಲ್ಲಿ. ಆ ಕೇಬಲ್ಲಿನ ಒಂದು ತುದಿ ಮುಂಬೈನಲ್ಲಿದೆ. ಕೇಬಲ್ ಬರುವತನಕ ಈ ಭಾಗದ ಇಂಟರ್ನೆಟ್ ಉಪಗ್ರಹದ ದುಬಾರಿ ದಾರಿಯನ್ನೇ ನಂಬಿಕೊಂಡಿತ್ತು.

ಮುಖ್ಯ ಗ್ರಂಥಾಲಯದ ಒಳಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇಜುಗಳು. ಒಂದೊಂದು ಮೇಜಿನ ಮೇಲೂ ತೆರೆದ ಪುಸ್ತಕ, ಪಕ್ಕದಲ್ಲೇ ಫೋನು. ಯಾರೂ ಗದರಿಸುವವರಿಲ್ಲ. ನಮ್ಮ ಎಷ್ಟೋ ಗ್ರಂಥಾಲಯಗಳ ಬಾಗಿಲಲ್ಲಿ 'ಮೊಬೈಲ್ ನಿಷೇಧಿಸಲಾಗಿದೆ' ಎಂಬ ಬೋರ್ಡು ಇನ್ನೂ ತೂಗುತ್ತಿರುವುದು ನೆನಪಾಗಿ ಮನಸ್ಸಿಗೆ ಕಸಿವಿಸಿಯಾಯಿತು. ಮಾತಾಡುವುದು ಬೇಡ, ಸರಿ. ಆದರೆ ಓದುವವರ ಕೈಯಲ್ಲಿರುವ ಏಕೈಕ ಕಂಪ್ಯೂಟರನ್ನೇ ಹೊರಗಿಟ್ಟು ಬಾ ಎಂದರೆ ಅವರು ಓದುವುದಾದರೂ ಹೇಗೆ?

ಸಾರ್ವಜನಿಕ ಆರೋಗ್ಯ ಓದುತ್ತಿದ್ದ ಹುಡುಗಿಯೊಬ್ಬಳು ತನ್ನ ಫೋನು ತೋರಿಸಿದಳು. ಗಾಜಿನ ಮೂಲೆ ಬಿರುಕು ಬಿಟ್ಟ ಟೆಕ್ನೊ. ಮಕೆರೆರೆಯ ಪ್ರಬಂಧಗಳನ್ನು ಕೂಡಿಟ್ಟ 'ಮಕ್ ಐಆರ್' ಎಂಬ ಡಿಜಿಟಲ್ ಭಂಡಾರದಲ್ಲಿ ಮಲೇರಿಯಾದ ಬಗ್ಗೆ ಹುಡುಕುತ್ತಿದ್ದಳು. ಪಿಡಿಎಫ್ ಪೂರ್ತಿ ಇಳಿಯಿತೋ ಇಲ್ಲವೋ, ಹೆಬ್ಬೆರಳು ಸರಕ್ಕನೆ ಮೇಲಿಂದ ಪರದೆ ಎಳೆದು ಡೇಟಾ ಆಫ್ ಮಾಡಿತು. ವೈಫೈ ಸಿಗದ ಕಡೆ ಬಂಡಲ್ಲಿನ ಒಂದೊಂದು ಎಂಬಿಯನ್ನೂ ಲೆಕ್ಕವಿಟ್ಟು ಕಳೆಯುವ ಕೈಗೆ ಅದು ರೂಢಿ. ಹೊರಗಡೆ ಹಾಸ್ಟೆಲ್ಲುಗಳಿಗೂ ರೆನು ಎಜುರೋಮನ್ನು ಹಬ್ಬಿಸಿದೆ. ಕ್ಯಾಂಪಸ್ಸಿನ ಗೇಟು ದಾಟಿದ ಮೇಲೂ ಓದು ನಿಲ್ಲದಿರಲಿ ಎಂದು ಯಾರೋ ಕುಳಿತು ಯೋಚಿಸಿದ್ದಾರಲ್ಲ, ಆ ಯೋಚನೆಗೆ ನಾನು ಕೈ ಮುಗಿದೆ.

ಇದೇ ದೇಶದಲ್ಲಿ 2018ರ ಜುಲೈನಿಂದ ವಾಟ್ಸ್ಆ್ಯಪ್, ಫೇಸ್‌ಬುಕ್ ಬಳಸುವವರೆಲ್ಲ ದಿನಕ್ಕೆ 200 ಶಿಲಿಂಗ್ ತೆರಿಗೆ ಕಟ್ಟಬೇಕಾಗಿತ್ತು. 2021ರಲ್ಲಿ ಅದನ್ನು ಕೈಬಿಟ್ಟು ಇಂಟರ್ನೆಟ್ ಡೇಟಾದ ಮೇಲೆಯೇ ಶೇಕಡಾ 12 ಸುಂಕ ಹಾಕಿದರು. ನೋಟ್ಸು, ಲೇಖನಗಳೆಲ್ಲ ವಾಟ್ಸ್ಆ್ಯಪ್ ಗುಂಪುಗಳಲ್ಲೇ ಕೈಯಿಂದ ಕೈಗೆ ಸಾಗುವ ಕಡೆ ಇದು ಓದಿನ ಮೇಲಿನ ತೆರಿಗೆಯೇ. ಅದನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಮನಸ್ಸಿಲ್ಲ.

ಆದರೆ ನಾನು ಬಂದದ್ದು ಮುಖ್ಯವಾಗಿ ಪಕ್ಕದ ಗುಡ್ಡ ಮುಲಾಗೊವನ್ನು ನೋಡಲು. ದೊಡ್ಡಾಸ್ಪತ್ರೆಯ ಮಗ್ಗುಲಲ್ಲೇ ಮಕೆರೆರೆಯ ವೈದ್ಯಕೀಯ ಗ್ರಂಥಾಲಯ ಇದೆ. ಹೆಸರು ಆಲ್ಬರ್ಟ್ ಕುಕ್ ಗ್ರಂಥಾಲಯ. 1897ರಲ್ಲಿ ಮೆಂಗೊ ಆಸ್ಪತ್ರೆ ಕಟ್ಟಿದ ವೈದ್ಯ ಆತ. ಅಲ್ಲಿನ ರೋಗಿಗಳ ಬಗ್ಗೆ ಆ ಕಾಲದಲ್ಲಿ ಕೈಯಲ್ಲೇ ಬರೆದಿಟ್ಟ ಟಿಪ್ಪಣಿಗಳು ಇಲ್ಲಿ ಭದ್ರವಾಗಿವೆ.

1997ರಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಇಂಟರ್ನೆಟ್ ಎಂಬುದು ಕನಸೂ ಅಲ್ಲದ ಕಾಲದಲ್ಲಿ, ಈ ಗ್ರಂಥಾಲಯದವರು ಒಂದು ಪತ್ರಿಕೆ ಹೊರಡಿಸಿದರು. ಅದೇ ಉಗಾಂಡ ಆರೋಗ್ಯ ಮಾಹಿತಿ ಡೈಜೆಸ್ಟ್. ದೊಡ್ಡ ಜರ್ನಲ್ಲುಗಳಲ್ಲಿ ಬಂದದ್ದರ ಸಾರವನ್ನು ಹಿಂಡಿ, ಅಚ್ಚು ಹಾಕಿ ಹಳ್ಳಿಗಾಡಿನ ದಾದಿಯರಿಗೆ, ವೈದ್ಯರಿಗೆ ಮುಟ್ಟಿಸುವ ಕೆಲಸ. ಇದರ ಹಿಂದಿದ್ದವರು ಪ್ರೊ. ಮರಿಯಾ ಮುಸೋಕೆ. ಮುಂದೆ ಅವರು ಮಕೆರೆರೆಯ ಮುಖ್ಯ ಗ್ರಂಥಪಾಲಕರಾದರು. ಅವರ ಪಿಎಚ್‌ಡಿಯ ವಿಷಯವೇ ಉಗಾಂಡದ ಆರೋಗ್ಯ ಕಾರ್ಯಕರ್ತರಿಗೆ ಮಾಹಿತಿ ಸಿಗುವುದು ಹೇಗೆ, ಸಿಕ್ಕಿದ್ದನ್ನು ಅವರು ಬಳಸುವುದು ಹೇಗೆ ಎಂಬುದು. ಓದುಗರು ಬರಲಿ ಎಂದು ಕಾಯದೆ ಅವರಿದ್ದಲ್ಲಿಗೇ ಹೊರಟ ಗ್ರಂಥಪಾಲಕಿ.

2003ರ ಹೊತ್ತಿಗೆ ಅಂಗೈ ಕಂಪ್ಯೂಟರಿನ ಸರದಿ. ಮಕೆರೆರೆಯ ವೈದ್ಯಕೀಯ ವಿಭಾಗವೂ ಸೇರಿದ್ದ ಒಂದು ಯೋಜನೆಯಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರ ಕೈಗೆ 'ಪಾಮ್' ಬಂತು. ಆರೋಗ್ಯ ಕೇಂದ್ರದಲ್ಲೊಂದು ಬ್ಯಾಟರಿ ಪೆಟ್ಟಿಗೆ. ಪಾಮನ್ನು ಅದರ ಮುಂದೆ ಹಿಡಿದರೆ ಸಾಕು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ರೋಗಗಳ ಲೆಕ್ಕ ಪೆಟ್ಟಿಗೆಗೆ ಇಳಿದು ಮೊಬೈಲ್ ಜಾಲದ ಮೂಲಕ ಕಂಪಾಲಕ್ಕೆ ಹೋಗುತ್ತಿತ್ತು. ಅದೇ ದಾರಿಯಲ್ಲಿ ಚಿಕಿತ್ಸೆಯ ಬಗೆಗಿನ ಓದು ವಾಪಸು ಬರುತ್ತಿತ್ತು. ಸ್ಮಾರ್ಟ್‌ಫೋನು ಇನ್ನೂ ಹಳ್ಳಿಗೆ ಕಾಲಿಡದ ದಿನಗಳವು. ಲೆಕ್ಕ ಕೊಟ್ಟವರಿಗೆ ಓದು ಕೊಡುವ ಈ ಕೊಡುಕೊಳ್ಳುವಿಕೆಯಷ್ಟು ನ್ಯಾಯವಾದದ್ದನ್ನು ನಾನು ಯಾವ ಸರ್ಕಾರಿ ಆ್ಯಪ್‌ನಲ್ಲೂ ಕಂಡಿಲ್ಲ.

ಈಗ ಕೆಲಸವೆಲ್ಲ ಫೋನಿಗೇ ಬಂದಿದೆ. ಬಡ ದೇಶಗಳಿಗೆ ವೈದ್ಯಕೀಯ ಜರ್ನಲ್ಲುಗಳನ್ನು ತೆರೆದುಕೊಡಲು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ 'ಹಿನಾರಿ'ಯನ್ನು ಆರಂಭಿಸಿತು. ಉಗಾಂಡಕ್ಕೆ ಅದು ಉಚಿತ. ಭಾರತ ಆ ಪಟ್ಟಿಯಲ್ಲಿ ಇಲ್ಲ. ನಮ್ಮ ಸಣ್ಣ ಊರಿನ ಕಾಲೇಜಿನ ಮಕ್ಕಳಿಗೆ ವರ್ಷಗಟ್ಟಲೆ ಕೈಗೆಟುಕದಿದ್ದ ಜರ್ನಲ್ಲುಗಳು ಮುಖ್ಯ ಗ್ರಂಥಾಲಯದಲ್ಲಿ ಕಂಡ ಆ ಹುಡುಗಿಯ ಬಿರುಕು ಬಿಟ್ಟ ಗಾಜಿನಲ್ಲಿ ತೆರೆದುಕೊಳ್ಳುತ್ತವೆ. ಅಸೂಯೆಯಾಗಲಿಲ್ಲ, ಬಲು ಸಂತೋಷವೇ ಆಯಿತು.

"ನಿಮ್ಮ ಕಡೆಯದು ಏನಾದರೂ ಓದಲು ಸಿಗುತ್ತದೆಯೇ?" ಎಂದು ಅವಳು ಅಲ್ಲಿ ನನ್ನನ್ನು ಕೇಳಿದ್ದಳು. ಶೋಧಗಂಗಾದ ಹೆಸರು ಹೇಳಿದೆ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಯಾರು ಬೇಕಾದರೂ, ಲಾಗಿನ್ ಇಲ್ಲದೆ, ಓದಬಹುದಾದ ತಾಣ. ಮಲೇರಿಯಾ ಎಂದು ಹುಡುಕಿದಳು. ಪಟ್ಟಿ ಉದ್ದಕ್ಕೆ ಬಂತು. ಒಂದನ್ನು ಒತ್ತಿದಳು. ಅಲ್ಲಿ ಪ್ರಬಂಧ ಇಡಿಯಾಗಿ ಇರುವುದಿಲ್ಲ, ಅಧ್ಯಾಯಕ್ಕೊಂದರಂತೆ ಬೇರೆ ಬೇರೆ ಪಿಡಿಎಫ್. ಬೆಂಗಳೂರಿನಲ್ಲಿ ಕುಳಿತು ಒಂದೊಂದೇ ಇಳಿಸುವಾಗ ನನಗೆ ರೇಗಿದ್ದುಂಟು. ಅವಳಿಗೆ ಅದೇ ಅನುಕೂಲ. ಕಡತಗಳ ಸೈಜು ನೋಡಿ, ಪೂರ್ವ ಅಧ್ಯಯನಗಳ ಅಧ್ಯಾಯವೊಂದನ್ನೇ ಇಳಿಸಿಕೊಂಡು ಡೇಟಾ ಆಫ್ ಮಾಡಿದಳು.

"ಉಳಿದದ್ದು ಹಾಸ್ಟೆಲ್ಲಿನ ವೈಫೈನಲ್ಲಿ," ಎಂದಳು.