ಟೀವಿಯ ಪ್ರಳಯವೂ ವರ್ತೂರಿನ ನೀರೂ

ಬೆಂಗಳೂರಿಗೆ ಕಡಲಿಲ್ಲ, ಹೇಳಿಕೊಳ್ಳುವಂತಹ ಹೊಳೆಯೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ ಕುಳಿತಿರುವ ಊರು ಅದು. ಹೀಗಿದ್ದರೂ 2022ನೆಯ ಇಸವಿಯ ಸೆಪ್ಟೆಂಬರು ತಿಂಗಳಲ್ಲಿ ಅದರ ಪೂರ್ವಭಾಗವು ಮುಳುಗಿದ ದೃಶ್ಯವನ್ನು ಟೆಲಿವಿಷನ್ನಿನಲ್ಲಿ ನೋಡದ ಮನೆ ನಮ್ಮ ನಾಡಿನಲ್ಲಿ ವಿರಳವೆನ್ನಬೇಕು. ಮಗನೋ ಮಗಳೋ ಅಳಿಯನೋ ವೈಟ್‌ಫೀಲ್ಡಿನ ಕಡೆ ಉದ್ಯೋಗದಲ್ಲಿರುವ ಮನೆಗಳಲ್ಲಂತೂ ಅಂದು ಹಿರಿಯರಿಗೆ ಅನ್ನ ಇಳಿಯಲಿಲ್ಲ. ಆ ದೃಶ್ಯಗಳನ್ನು ಕುರಿತು ಅಲ್ಲಿಯೇ ಬಾಳುತ್ತಿರುವ ಜನ ಏನೆನ್ನುತ್ತಾರೆ? ಇದನ್ನು ತಿಳಿಯಬೇಕೆಂಬ ಕುತೂಹಲದಿಂದ ನಾವು ಎರಡು ದಿನ ಆ ಸೀಮೆಯಲ್ಲಿ ಸಂಚರಿಸಿ ಬಂದೆವು. ಕಂಡುದನ್ನೂ ಕೇಳಿದುದನ್ನೂ ವಾಚಕರ ಮುಂದಿಡುತ್ತೇವೆ.

ಈಗ ಅಲ್ಲಿಗೆ ಹೋಗುವುದು ಬಹು ಸುಲಭ. 2023ರ ಅಕ್ಟೋಬರಿನಿಂದ ಊರಿನ ನಡುವಣ ನಿಲ್ದಾಣದಲ್ಲಿ ಮೆಟ್ರೋ ರೈಲನ್ನು ಹತ್ತಿದರೆ ಎಲ್ಲಿಯೂ ಇಳಿಯದೆ ಕಾಡುಗೋಡಿಯನ್ನು ಸೇರಬಹುದು. ಹೂಡಿ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ ಎಂದು ನಿಲ್ದಾಣಗಳ ಹೆಸರುಗಳನ್ನು ಕೇಳಿದರೆ ಹಳ್ಳಿಗಾಡಿನ ಸವಾರಿಯೆನಿಸುವುದು. ಕಿಟಕಿಯಿಂದ ನೋಡಿದರೆ ಕಾಣುವುದು ಗಾಜಿನ ಮಹಾಸೌಧಗಳು. ವೈಟ್‌ಫೀಲ್ಡ್ ಎಂಬ ಊರೇ ಬೇಸಾಯಕ್ಕಾಗಿ ಹುಟ್ಟಿದ್ದು. 1882ರಲ್ಲಿ ಶ್ರೀ ಚಾಮರಾಜೇಂದ್ರ ಒಡೆಯರವರು ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಸಂಘದ ಮುಖಂಡರಾಗಿದ್ದ ವೈಟ್ ಎಂಬವರ ಹೆಸರು ಊರಿಗೆ ನಿಂತಿತು. ಅಂದು ಹೊಲಗಳಿದ್ದ ಸೀಮೆಯಲ್ಲಿ ಇಂದು ಕಂಪ್ಯೂಟರಿನ ಕಚೇರಿಗಳು ತುಂಬಿವೆ.

ಈ ಭಾಗದ ನೀರಿನ ಹಾದಿಯನ್ನು ಅರಿಯದೆ ಮುಂದಿನ ಮಾತು ತಿಳಿಯದು. ಕೆಂಗೇರಿಯ ಕಡೆಗಿಳಿಯುವ ವೃಷಭಾವತಿಯ ಕಣಿವೆ, ಹೆಬ್ಬಾಳದ ಕಣಿವೆ, ಕೋರಮಂಗಲ-ಚಲ್ಲಘಟ್ಟದ ಕಣಿವೆ, ಹೀಗೆ ಬೆಂಗಳೂರಿನ ನೀರಿಗೆ ಮುಖ್ಯವಾಗಿ ಮೂರು ದಾರಿಗಳುಂಟು. ಮೂರನೆಯದರ ನೀರು ಬೆಳ್ಳಂದೂರಿನ ಕೆರೆಗೆ ಬಂದು, ಅದು ಕೋಡಿ ಬಿದ್ದರೆ ವರ್ತೂರಿನ ಕೆರೆಗೆ ಹರಿದು, ಅಲ್ಲಿಂದ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹಿಂದಿನವರು ಒಂದರ ಕೆಳಗೊಂದು ಕೆರೆಯನ್ನು ಕಟ್ಟಿ, ಮೇಲಿನ ಕೆರೆಯ ಹೆಚ್ಚಳವು ಕೆಳಗಿನದಕ್ಕೆ ಇಳಿಯುವಂತೆ ನಡುವೆ ರಾಜಕಾಲುವೆಯನ್ನು ಬಿಟ್ಟಿದ್ದರು. ಕಾಲುವೆಯ ಮೈ ಕಿರಿದಾದರೆ ಮೇಲಿನ ನೀರು ತಗ್ಗಿನಲ್ಲಿರುವ ಮನೆಗಳ ಅಂಗಳಕ್ಕೆ ನುಗ್ಗದೆ ಬೇರೆಲ್ಲಿಗೆ ಹೋದೀತು?

2022ರಲ್ಲಿ ಆದದ್ದೂ ಇದೇ. ಆಗಸ್ಟಿನ ಮಳೆಯಿಂದ ಕೆರೆಗಳು ಆಗಲೇ ತುಂಬಿದ್ದವು. ಆಗಸ್ಟು 30ರಂದು ಹೊರವರ್ತುಲ ರಸ್ತೆಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತು, ಒಂದೇ ದಿನದಲ್ಲಿ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ಕಂಪೆನಿಗಳ ಸಂಘವು ಸರಕಾರಕ್ಕೆ ಬರೆಯಿತು. ಸೆಪ್ಟೆಂಬರು 4ರ ರಾತ್ರಿ ಮತ್ತೆ ಮಳೆ ಹಿಡಿಯಿತು. ಮರುದಿನ ಬೆಳಗ್ಗೆ ಅಳೆದಾಗ 131.6 ಮಿಲಿಮೀಟರು. ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿಯೂ ಯಮಲೂರಿನಲ್ಲಿಯೂ ಜನರನ್ನು ಟ್ರಾಕ್ಟರುಗಳಲ್ಲಿ, ದೋಣಿಗಳಲ್ಲಿ ಹೊರಕ್ಕೆ ತರಬೇಕಾಯಿತು. ಅಂದಿನ ಮುಖ್ಯಮಂತ್ರಿಗಳಾದ ಶ್ರೀ ಬಸವರಾಜ ಬೊಮ್ಮಾಯಿಯವರು, ನಗರವೆಲ್ಲವೂ ಸಂಕಟದಲ್ಲಿದೆಯೆಂಬ ಚಿತ್ರಣವು ಸರಿಯಲ್ಲವೆಂದೂ, ಎಂಟು ವಲಯಗಳ ಪೈಕಿ ಎರಡರಲ್ಲಿ, ಅದರಲ್ಲಿಯೂ 69 ಕೆರೆಗಳಿರುವ ಮಹದೇವಪುರದಲ್ಲಿ, ತೊಂದರೆಯಾಗಿದೆಯೆಂದೂ ಹೇಳಿದರು.

ಟೀವಿಯಲ್ಲಿ ಮಾತ್ರ ಬೆಂಗಳೂರೇ ಮುಳುಗಿತ್ತು. ಒಂದೇ ಟ್ರಾಕ್ಟರು ದಿನವಿಡೀ ಓಡಿತು. ಒಂದೇ ಕಾರು ಹತ್ತಾರು ಸಲ ತೇಲಿತು. ಕೆಂಪಕ್ಷರಗಳೂ ಎದೆ ನಡುಗಿಸುವ ವಾದ್ಯವೂ ಜೊತೆಗೂಡಿದವು. ಅದೇ ನಗರದ ಹೊರವಲಯದ ಪೀಣ್ಯ ಎಲ್ಲಿ, ವರ್ತೂರು ಎಲ್ಲಿ? ಒಂದು ವಾಯವ್ಯ, ಇನ್ನೊಂದು ಪೂರ್ವ. ದೂರದಲ್ಲಿ ಕುಳಿತು ನೋಡುವವರಿಗೆ ಈ ಭೇದ ಹೇಗೆ ತಿಳಿಯಬೇಕು?

ಕುಂದಲಹಳ್ಳಿಯ ಬಳಿ ಬಹುಮಹಡಿಯ ಕಟ್ಟಡವೊಂದರಲ್ಲಿ ವಾಸಿಸುವ ಗೃಹಿಣಿಯೊಬ್ಬರು ನಮಗೆ ಕಾಫಿ ಕೊಟ್ಟು ಹೇಳಿದ ಸಂಗತಿ ಇದು. ತೀರ್ಥಹಳ್ಳಿಯ ಕಡೆಯಿರುವ ಅವರ ಮಾವನವರು ಟೀವಿಯನ್ನು ನೋಡಿ, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಲು ರಾತ್ರಿಯ ಬಸ್ಸನ್ನು ಹತ್ತಿಯೇಬಿಟ್ಟರಂತೆ. “ಬೇಡಿ ಮಾವ, ನಮ್ಮ ಬೀದಿಯಲ್ಲಿ ನೀರೇ ಇಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನನ್ನು ಸಮಾಧಾನಪಡಿಸೋಕೆ ಸುಳ್ಳು ಹೇಳ್ತಿದ್ದೀಯ ತಾಯಿ ಅಂದರು. ಬೆಳಗ್ಗೆ ಬಂದು ಒಣಗಿದ ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದರು.” ಇಷ್ಟು ಹೇಳಿ ಆಕೆ ನಕ್ಕರು, ಒಡನೆಯೇ ಗಂಭೀರರಾಗಿ, “ಅವರಿಗೆ ಎಪ್ಪತ್ತನಾಲ್ಕು ವರ್ಷ. ದಾರಿಯಲ್ಲಿ ಏನಾದರೂ ಆಗಿದ್ದರೆ?” ಎಂದರು. ಸೊಸೆಯ ಮಾತಿಗಿಂತ ಪೆಟ್ಟಿಗೆಯ ಮಾತು ಮನೆಯ ಹಿರಿಯರಿಗೆ ಹೆಚ್ಚಾಯಿತೆಂಬುದು ಆಕೆಯ ನೋವು.

ಸರ್ಜಾಪುರ ರಸ್ತೆಯ ಬಡಾವಣೆಯೊಂದರಲ್ಲಿ ನಾವು ಕಂಡ ಮಹನೀಯರ ಅಭಿಪ್ರಾಯ ಬೇರೆ. ಅವರ ಮನೆಯ ಕೆಳಮನೆಯೆಲ್ಲ ನೀರಾಗಿತ್ತು. “ಟೀವಿಯವರು ಬಾರದಿದ್ದರೆ ಪಂಪುಗಳೂ ಬರುತ್ತಿರಲಿಲ್ಲ” ಎಂದು ಅವರು ಸ್ಪಷ್ಟವಾಗಿ ಹೇಳಿದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರಿನ ಕೆರೆಯಲ್ಲಿ ಬೆಂಕಿಯೆದ್ದಾಗ, ಆ ವಾರ್ತೆಗಳ ಆಧಾರದ ಮೇಲೆಯೇ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ತಾನಾಗಿ ವಿಚಾರಣೆಯನ್ನು ಕೈಗೊಂಡಿತು. ಆದರೆ ಆ ಮಹನೀಯರಿಗೂ ಒಂದು ಅಸಮಾಧಾನ ಉಂಟು. ಸಿರಿವಂತರೂ ಟ್ರಾಕ್ಟರು ಹತ್ತಬೇಕಾಯಿತೆಂದು ನಾಡೆಲ್ಲ ನಗುವಂತಾಯಿತು. ನೀರಿಳಿದ ಮೇಲೆ ಮನೆಯವರೆಲ್ಲ ಸೇರಿ ಮದುವೆಯ ಭಾವಚಿತ್ರಗಳನ್ನೂ ಮಕ್ಕಳ ಪುಸ್ತಕಗಳನ್ನೂ ಕೆಸರಿನಿಂದ ಹೆಕ್ಕಿ ಎಸೆಯುತ್ತಿದ್ದಾಗ ಒಬ್ಬ ವರದಿಗಾರನೂ ಅತ್ತ ಸುಳಿಯಲಿಲ್ಲ.

ಅದೇ ರಸ್ತೆಯಿಂದ ಒಳಕ್ಕೆ ತಿರುಗಿದರೆ, ಕಟ್ಟಡದ ಕೆಲಸಕ್ಕೆ ಬಂದವರ ತಗಡಿನ ಗುಡಿಸಲುಗಳಿವೆ. ಅಲ್ಲಿ ಯಾದಗಿರಿಯ ಕಡೆಯ ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತಿದ್ದಳು. ನಾವು ಬಂದ ಉದ್ದೇಶವನ್ನು ಕೇಳಿ, “ಟೀವಿಯವ್ರು ಇಲ್ಲೀತನ ಬರಲಿಲ್ರೀ. ಕಾರ್ ತೇಲಿದ್ರ ಚಿತ್ರ ಆಗ್ತದ. ನನ್ನ ಜ್ವಾಳದ ಹಿಟ್ಟು ತೊಯ್ದ್ರ ಯಾರ್ ನೋಡ್ತಾರ್ರೀ?” ಎಂದಳು. ಹಿಟ್ಟಿನೊಡನೆ ಆಕೆಯ ರೇಷನ್ ಕಾರ್ಡೂ ತೊಯ್ದುಹೋಗಿತ್ತು. ಅದನ್ನು ಮತ್ತೆ ಪಡೆಯಲು ಊರಿಗೆ ಹೋಗಿಬಂದದ್ದರಲ್ಲಿ ಒಂದು ವಾರದ ಕೂಲಿ ಕೈಬಿಟ್ಟಿತು.

ಬಣ್ಣವಿಲ್ಲದ ಕಷ್ಟಗಳು ಹೀಗೆ ಚಿತ್ರದಿಂದ ಹೊರಗುಳಿಯುತ್ತವೆ. ಸೆಪ್ಟೆಂಬರು 5ರ ರಾತ್ರಿ ವೈಟ್‌ಫೀಲ್ಡಿನ ಸಿದ್ದಾಪುರದ ಬಳಿ, ಕೆಲಸ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹಿಂದಿರುಗುತ್ತಿದ್ದ 23 ವರ್ಷದ ಯುವತಿಯೊಬ್ಬಳು ನೀರು ನಿಂತ ರಸ್ತೆಯಲ್ಲಿ ಜಾರಿ, ವಿದ್ಯುತ್ ಕಂಬವನ್ನು ಮುಟ್ಟಿ ಪ್ರಾಣವನ್ನು ಕಳೆದುಕೊಂಡಳು. ಅಲ್ಲಿ ದೋಣಿ ನಡೆಯುವಷ್ಟು ಪ್ರವಾಹವೇನೂ ಇರಲಿಲ್ಲ. ಅದೇ ಸಮಯದಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರೆತ್ತುವ ಯಂತ್ರಾಗಾರಕ್ಕೆ ನೆರೆ ನುಗ್ಗಿ, ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಕುಡಿಯುವ ನೀರೇ ನಿಂತಿತು. ನಿಂತ ನೀರಿನ ಬಳಿ ಕಂಬವನ್ನು ಮುಟ್ಟಬಾರದೆಂದು, ಎರಡು ದಿನಕ್ಕೆ ನೀರು ಹಿಡಿದಿಟ್ಟುಕೊಳ್ಳಬೇಕೆಂದು ಜನರಿಗೆ ಗಂಟೆಗೊಮ್ಮೆ ಹೇಳಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ತೇಲುವ ಕಾರಿನ ಚಿತ್ರದಿಂದ ಈ ಎರಡರಲ್ಲಿ ಒಂದೂ ತಿಳಿಯದು.

ಈ ಚಾಳಿ ನಮ್ಮಲ್ಲಿ ಮಾತ್ರ ಇರುವುದೆಂದು ಭಾವಿಸಬೇಕಾದುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಉತ್ತರ ಕೆರೊಲಿನಾ ತೀರಕ್ಕೆ ಫ್ಲಾರೆನ್ಸ್ ಎಂಬ ಚಂಡಮಾರುತ ಬಂದಾಗ, ವರದಿಗಾರನೊಬ್ಬನು ಗಾಳಿಗೆ ಕಾಲೂರಲಾರದವನಂತೆ ಬಾಗಿ ನಿಂತಿದ್ದನು. ಅವನ ಹಿಂದೆಯೇ ಇಬ್ಬರು ಆರಾಮವಾಗಿ ನಡೆದುಹೋದರು. 2023ರ ಜೂನಿನಲ್ಲಿ ಬಿಪರ್‌ಜಾಯ್ ಚಂಡಮಾರುತವು ಗುಜರಾತಿನ ಕಡಲತೀರವನ್ನು ಸಮೀಪಿಸಿದಾಗ, ಹಿಂದಿಯ ವಾರ್ತಾವಾಹಿನಿಯೊಂದರ ನಿರೂಪಕಿಯು ಸ್ಟುಡಿಯೋದೊಳಗೇ ಕೊಡೆ ಹಿಡಿದು ತೂರಾಡಿದರು. ನೋಡಿದವರು ನಕ್ಕರು. ಆದರೆ ನಕ್ಕವರು ಮುಂದೊಮ್ಮೆ ನಿಜವಾದ ಎಚ್ಚರಿಕೆ ಬಂದಾಗಲೂ ನಕ್ಕು ಮನೆಯಲ್ಲಿಯೇ ಉಳಿದರೆ ಗತಿಯೇನು? ತೋಳ ಬಂತು ತೋಳವೆಂದು ಕೂಗಿದ ಹುಡುಗನ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು.

ಎರಡನೆಯ ದಿನ ಸಂಜೆ ನಾವು ವರ್ತೂರಿನ ಕೆರೆಯ ಏರಿಗೆ ಹೋದೆವು. 2015ರಲ್ಲಿ ಈ ಕೆರೆಯ ನೊರೆಯು ರಸ್ತೆಗೆ ಹಾರಿಬಂದುದನ್ನು ಹೊರದೇಶಗಳವರೂ ಚಿತ್ರಗಳಲ್ಲಿ ನೋಡಿದರು. ಏರಿಯ ಮೇಲೆ ಎಮ್ಮೆಯನ್ನು ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರನ್ನು ಮಾತಿಗೆಳೆದೆವು. ಅವರು ನೊರೆಯನ್ನೂ ನೆರೆಯನ್ನೂ ನೋಡಲು ಬಂದ ಕ್ಯಾಮೆರಾಗಳನ್ನೆಲ್ಲ ಕಂಡವರು. “ಸ್ವಾಮಿ, ಅವ್ರು ನೀರು ಎಲ್ಲಿ ನಿಂತೈತೆ ಅಂತ ತೋರಿಸ್ತಾರೆ. ಎಲ್ಲಿಂದ ಬಂತು, ಎಲ್ಲಿಗೆ ಹೋಗ್ಬೇಕಾಗಿತ್ತು, ಅದನ್ನ ತೋರಿಸ್ಬೇಕಂದ್ರೆ ಬ್ಯಾಸಗೇಲಿ ಬರ್ಬೇಕು. ಬ್ಯಾಸಗೇಲಿ ಯಾರು ಬತ್ತಾರೆ?” ಎಂದು ಕೇಳಿ, ನಮ್ಮ ಉತ್ತರಕ್ಕೆ ಕಾಯದೆ ಮುಂದಕ್ಕೆ ಹೋದರು.

ನಮ್ಮ ಸಂಚಾರದಲ್ಲಿ ಕೇಳಿದ ಮಾತುಗಳ ಸಾರವೆಲ್ಲ ಈ ಪ್ರಶ್ನೆಯಲ್ಲಿ ಅಡಗಿದೆ. ಆ ಸೀಮೆಯವರ ದೂರು, ಟೀವಿಯು ತಮ್ಮ ಕಷ್ಟವನ್ನು ಹಿಗ್ಗಿಸಿತೆಂಬುದಷ್ಟೇ ಆಗಿದ್ದರೆ ಅದೊಂದು ಸಣ್ಣ ಮಾತು. ಹಿಗ್ಗಿಸಿದ್ದು ಮೂರು ದಿನ, ಮರೆತದ್ದು ವರ್ಷವೆಲ್ಲ. 2022ರ ಸೆಪ್ಟೆಂಬರು 12ರಿಂದ ರಾಜಕಾಲುವೆಯ ಒತ್ತುವರಿಗಳನ್ನು ತೆರವು ಮಾಡುವ ಕಾರ್ಯವು ಮಹದೇವಪುರದಲ್ಲಿ ಆರಂಭವಾದಾಗಲೂ ಗೋಡೆ ಉರುಳುವ ದೃಶ್ಯವು ಮನೆಮನೆಗೆ ತಲಪಿತು. ದಿನ ಕಳೆದಂತೆ ಆ ಸುದ್ದಿಯೂ ತೆರೆಯಿಂದ ಮರೆಯಾಯಿತು. ಯಾವ ಕಾಲುವೆ ಎಷ್ಟು ಅಗಲವಾಯಿತು, ಎಲ್ಲಿ ಹೂಳು ತೆಗೆಯಲಾಯಿತು ಎಂಬುದನ್ನು ಕೇಳುವ ಸಮಯವು ಮಳೆ ನಿಂತ ಮೇಲೆ ಬರುತ್ತದೆ. ಆ ಸಮಯಕ್ಕೆ ಟೀವಿಯು ಬೇರೆ ಊರಿನ ಬೇರೆ ಕೋಲಾಹಲಕ್ಕೆ ಹೋಗಿರುತ್ತದೆ.

ಗೃಹಸ್ಥರಾದ ನಾವು ಮಾಡಬಹುದಾದುದು ಸ್ವಲ್ಪವೇ ಆದರೂ ಉಂಟು. ಬೆಂಗಳೂರು ಮುಳುಗಿತೆಂದು ಕೇಳಿದೊಡನೆ ಬಸ್ಸು ಹತ್ತದೆ, ಈ ಚಿತ್ರವು ಯಾವ ಬಡಾವಣೆಯದು, ಯಾವ ದಿನದ್ದು, ನೀರು ಎಷ್ಟು ಆಳವಿದೆ ಎಂಬುದನ್ನು ಮೊದಲು ವಿಚಾರಿಸಬೇಕು. ಮಕ್ಕಳಿಗೆ ಫೋನು ಮಾಡಿ, ಅವರು ಕ್ಷೇಮವೆಂದರೆ ಅದನ್ನು ನಂಬಬೇಕು. ನೀರು ನಿಂತ ದಾರಿಯಲ್ಲಿ ಕಂಬದಿಂದ ದೂರವಿರುವಂತೆ ಒಂದು ಮಾತು ಹೇಳಬೇಕು. ಮನೆಗೆಲಸಕ್ಕೆ ಬರುವವರ ಗುಡಿಸಲಿಗೆ ನೀರು ನುಗ್ಗಿದೆಯೇ ಎಂದು ಕೇಳಿಕೊಳ್ಳುವಂತೆ ಇನ್ನೊಂದು ಮಾತು. ಜನವರಿಯಲ್ಲಿಯೋ ಫೆಬ್ರವರಿಯಲ್ಲಿಯೋ ಮಕ್ಕಳ ಮನೆಗೆ ಹೋದಾಗ, ಅಂಗಡಿಬೀದಿಗಳನ್ನು ಸುತ್ತುವ ಸಂಭ್ರಮದ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಹತ್ತಿರದ ರಾಜಕಾಲುವೆ ಎಲ್ಲಿದೆ, ಹೇಗಿದೆ ಎಂದು ಅವರೊಡನೆ ನೋಡಿಬರುವುದು ಒಳ್ಳೆಯದು. ಆಗ ಅಲ್ಲಿ ನೂಕುನುಗ್ಗಲು ಇರುವುದಿಲ್ಲ.