ಚೊಕ್ಕ ಬೀದಿಯ ಚರಿತ್ರೆ

ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಮಹಾನಗರಗಳಿಗೂ ಸಲ್ಲುತ್ತದೆ. ಪ್ಯಾರಿಸ್ ಎಂದೊಡನೆ ವಿಶಾಲವಾದ ರಾಜಬೀದಿಗಳೂ ಸೀನ್ ನದಿಯ ಸೇತುವೆಗಳೂ ಕಣ್ಣಿಗೆ ಕಟ್ಟುತ್ತವೆ. ಆದರೆ ಅಲ್ಲಿಗೆ ಹೋದ ಪ್ರವಾಸಿಗನಿಗೆ ಎಲ್ಲ ಬೀದಿಗಳೂ ಒಂದೇ ಬಗೆಯಾಗಿ ಕಾಣುವುದಿಲ್ಲ. ಒಂದೆಡೆ ತೊಳೆದಿಟ್ಟಂತಹ ಕಲ್ಲುಹಾಸು. ಇನ್ನೊಂದೆಡೆ ಸಿಗರೇಟಿನ ತುಂಡುಗಳು, ಹರಿದ ಕಾಗದ. ಆದುದರಿಂದ ತಂಗುವುದಕ್ಕೆ ಚೊಕ್ಕವಾದ, ನೆಮ್ಮದಿಯ ಬಡಾವಣೆಯೊಂದನ್ನು ಆತನು ಅರಸುವುದು ಸಹಜವೇ ಆಗಿದೆ. ಬೆಳಗಿನಲ್ಲಿ ಒಮ್ಮೆ, ಸಂಜೆಯಲ್ಲಿ ಒಮ್ಮೆ ನಡೆದು ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಆದರೆ ಆ ಚೊಕ್ಕತನ ಎಲ್ಲಿಂದ ಬಂದಿತೆಂದು ಕೇಳುವವರು ವಿರಳ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಪ್ಯಾರಿಸ್ ಇಕ್ಕಟ್ಟಾದ ಓಣಿಗಳ, ಕೊಳಕು ನೀರಿನ ಊರಾಗಿತ್ತು. 1832ರಲ್ಲಿ ಕಾಲರಾ ರೋಗವು ಅಲ್ಲಿ 18,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 1853ರಲ್ಲಿ ಅಧಿಕಾರಕ್ಕೆ ಬಂದ ಪ್ರಾಂತಾಧಿಕಾರಿ ಓಸ್ಮಾನನು ಓಣಿಗಳನ್ನು ಕೆಡವಿಸಿ ಅಗಲವಾದ ಬೀದಿಗಳನ್ನು ತೆರೆಯಿಸಿದನು. ಬೆಲ್‌ಗ್ರಾಂ ಎಂಬ ಎಂಜಿನಿಯರನು ನೆಲದಡಿಯಲ್ಲಿ ಒಳಚರಂಡಿಗಳ ದೊಡ್ಡ ಜಾಲವನ್ನೇ ಕಟ್ಟಿಸಿದನು. ಕಲ್ಲುಗಣಿಯ ಗುಂಡಿಯೂ ನಗರದ ತಿಪ್ಪೆಯೂ ಆಗಿದ್ದ ಬ್ಯೂತ್-ಶೋಮೊಂ ಎಂಬ ಸ್ಥಳವು 1867ರಲ್ಲಿ ರಮ್ಯವಾದ ಉದ್ಯಾನವಾಯಿತು. ಆದರೆ ಈ ಸೊಬಗಿಗೆ ಬೆಲೆ ತೆತ್ತವರೂ ಇದ್ದರು. ಓಣಿಗಳಲ್ಲಿದ್ದ ಬಡವರು ಮನೆ ಕಳೆದುಕೊಂಡು ಊರಂಚಿಗೆ ಸರಿಯಬೇಕಾಯಿತು.

ಬೀದಿ ಅಗಲವಾದ ಮಾತ್ರಕ್ಕೆ ಕಸ ಮಾಯವಾಗಲಿಲ್ಲ. ಪ್ರತಿಯೊಂದು ಕಟ್ಟಡದ ಮಾಲೀಕನೂ ಕಸಕ್ಕಾಗಿ ಮುಚ್ಚಳವುಳ್ಳ ಡಬ್ಬಿಗಳನ್ನು ಇಡತಕ್ಕದ್ದೆಂಬ ಆಜ್ಞೆ 1884ರಲ್ಲಿ ಜಾರಿಗೆ ಬಂದಿತು. ಕೊಳೆಯುವ ಕಸ ಬೇರೆ, ಕಾಗದ ಮತ್ತು ಬಟ್ಟೆ ಬೇರೆ, ಗಾಜು ಮತ್ತು ಚಿಪ್ಪು ಬೇರೆ. ಮನೆಯ ಮಾಲೀಕರು ಗೊಣಗಿದರು. ಚಿಂದಿ ಆಯುವವರು ತಮ್ಮ ಅನ್ನಕ್ಕೆ ಕುತ್ತು ಬಂದಿತೆಂದು ಪ್ರತಿಭಟಿಸಿದರು. ಆ ಆಜ್ಞೆಯನ್ನು ಹೊರಡಿಸಿದ ಅಧಿಕಾರಿಯ ಹೆಸರು ಪೂಬೆಲ್. ಫ್ರೆಂಚರು ಇಂದಿಗೂ ಕಸದ ಡಬ್ಬಿಯನ್ನು 'ಪೂಬೆಲ್' ಎಂದೇ ಕರೆಯುತ್ತಾರೆ!

ಈಗಲೂ ಬೆಳಗಿನ ವೇಳೆ ಆ ನಗರದ ರಸ್ತೆಯಂಚಿನಲ್ಲಿ ನೀರು ಹರಿಯುವುದನ್ನು ಕಾಣಬಹುದು. ಅದು ಕುಡಿಯುವ ನೀರಲ್ಲ. ಬೀದಿ ತೊಳೆಯುವುದಕ್ಕೆಂದೇ ಬೇರೆ ಕೊಳವೆಗಳಲ್ಲಿ ಬರುವ ನೀರು. ಹಸಿರು ಪೊರಕೆ ಹಿಡಿದ ಕಾರ್ಮಿಕರು ಆ ಹರಿವಿನೊಡನೆ ಕಸವನ್ನು ಗುಡಿಸಿಕೊಂಡು ಸಾಗುತ್ತಾರೆ. ಪ್ರವಾಸಿಗನು ಎದ್ದು ಕಿಟಕಿ ತೆರೆಯುವಷ್ಟರಲ್ಲಿ ಬೀದಿ ಚೊಕ್ಕವಾಗಿರುತ್ತದೆ.

ಹುಟ್ಟಿನಿಂದಲೇ ಶುಚಿಯಾದ ಕೇರಿಯೆಂಬುದಿಲ್ಲ; ಹುಟ್ಟಿನಿಂದಲೇ ಕೊಳಕಾದ ಕೇರಿಯೂ ಇಲ್ಲ. ತಿಪ್ಪೆಯು ಉದ್ಯಾನವಾದಂತೆ, ಅಲಕ್ಷ್ಯದಿಂದ ಉದ್ಯಾನವೂ ತಿಪ್ಪೆಯಾದೀತು. ಮೂರು ದಿನದ ಅತಿಥಿಯಾದರೂ ಸರಿಯೇ, ಒಳ್ಳೆಯ ಬಡಾವಣೆಯನ್ನು ಆರಿಸಿಕೊಂಡವನು ಅದನ್ನು ಒಳ್ಳೆಯದಾಗಿಯೇ ಬಿಟ್ಟುಬರಬೇಕು. ಪೊರಕೆ ಹಿಡಿದ ಆ ಕೈಗಳಿಗೆ ಆತನು ಸಲ್ಲಿಸಬಹುದಾದ ಗೌರವ ಅದೇ.