ಐರಿಷ್ ಪೂರ್ವಿಕರ ಜಾಡು ಹಿಡಿದು

ಅಮೆರಿಕದ ಐರಿಷ್ ಮನೆತನವೊಂದು ತನ್ನ ಮೂಲ ಹುಡುಕಲು ಹೊರಟರೆ ಮೊದಲು ಎದುರಾಗುವ ತೊಡಕು ಊರಿನದು. 1845ರಿಂದ 1852ರವರೆಗಿನ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಆ ಕಾಲದ ಪ್ರಯಾಣಿಕರ ಪಟ್ಟಿಗಳಲ್ಲಿ ಹೆಚ್ಚಿನವರ ಊರಿನ ಜಾಗದಲ್ಲಿರುವುದು ‘ಐರ್ಲೆಂಡ್’ ಎಂದಷ್ಟೇ. ಆ ದೇಶದಲ್ಲಿ ಟೌನ್‌ಲ್ಯಾಂಡ್ ಎಂಬ ಸಣ್ಣ ಸಣ್ಣ ಊರುಪಾಲುಗಳೇ 60,000ಕ್ಕೂ ಹೆಚ್ಚು. ಸರಿಯಾದ ಟೌನ್‌ಲ್ಯಾಂಡ್ ಗೊತ್ತಿಲ್ಲದಿದ್ದರೆ ಒಬ್ಬ ಜಾನ್ ಮರ್ಫಿಯನ್ನು ಇನ್ನೊಬ್ಬನಿಂದ ಬೇರ್ಪಡಿಸುವ ದಾರಿಯೇ ಇಲ್ಲ.

ದಾಖಲೆಗಳ ಅಭಾವಕ್ಕೆ 1922ರ ಜೂನ್ 30ರಂದು ಸರ್ಕಾರಿ ದಾಖಲೆಗಳನ್ನು ಇಟ್ಟಿದ್ದ ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನಲ್ಲಿ ಅಂತರ್ಯುದ್ಧದ ವೇಳೆ ಎದ್ದ ಬೆಂಕಿಯನ್ನೇ ಎಲ್ಲರೂ ದೂರುತ್ತಾರೆ. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಪಾಲು ಅಲ್ಲಿ ಸುಟ್ಟುಹೋದದ್ದು ನಿಜ. ಆದರೆ 1861 ಮತ್ತು 1871ರ ಹಾಳೆಗಳನ್ನು ಸರ್ಕಾರವೇ ನಾಶಮಾಡಿಸಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾದವು. ಬೆಂಕಿಗಿಂತ ಈ ನಿರ್ಲಕ್ಷ್ಯವೇ ಹೆಚ್ಚು ನೋವಿನದು. ಪೂರ್ತಿಯಾಗಿ ಉಳಿದ ಹಳೆಯ ಜನಗಣತಿಗಳು 1901 ಮತ್ತು 1911ರವು ಮಾತ್ರ.

ಕ್ಯಾಥೊಲಿಕ್ ಚರ್ಚುಗಳ ದೀಕ್ಷಾಸ್ನಾನ, ಮದುವೆಗಳ ಪುಸ್ತಕಗಳು ಡಬ್ಲಿನ್‌ಗೆ ಹೋಗದೆ ಆಯಾ ಚರ್ಚಿನ ವ್ಯಾಪ್ತಿಯಾದ ಪ್ಯಾರಿಷ್‌ನಲ್ಲೇ ಇದ್ದುದರಿಂದ ಬದುಕಿಕೊಂಡವು. 1847–1864ರ ಗ್ರಿಫಿತ್ಸ್ ವ್ಯಾಲ್ಯುಯೇಷನ್ ತೆರಿಗೆಗಾಗಿ ಮಾಡಿದ ಆಸ್ತಿಯ ಲೆಕ್ಕ. ಅದರಲ್ಲಿ ಗೇಣಿದಾರನ ಹೆಸರು ಸಿಗುತ್ತದೆ, ಹೆಂಡತಿ ಮಕ್ಕಳದು ಸಿಗುವುದಿಲ್ಲ.

ಇವೆಲ್ಲಕ್ಕಿಂತ ಅಮೂಲ್ಯವಾದ ಕಾಗದಗಳು ಹುಟ್ಟಿದ್ದು ಮುದುಕರ ಪಿಂಚಣಿಯಿಂದ. 1908ರ ಕಾಯ್ದೆಯಂತೆ 70 ತುಂಬಿದ ಬಡವರಿಗೆ ಪಿಂಚಣಿ ಬಂತು. ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ವಯಸ್ಸಿಗೆ ಪುರಾವೆ ಎಲ್ಲಿಂದ ತರಬೇಕು? ಅರ್ಜಿದಾರರು ತಂದೆಯ ಹೆಸರು, ತಾಯಿಯ ತವರಿನ ಹೆಸರು, ಬಾಲ್ಯದ ಟೌನ್‌ಲ್ಯಾಂಡ್ ಬರೆದು ಕೊಟ್ಟರೆ ಗುಮಾಸ್ತ 1841 ಅಥವಾ 1851ರ ಜನಗಣತಿ ತೆಗೆದು ಆ ಮನೆಯವರನ್ನು ಹುಡುಕಿ, ಸಿಕ್ಕಿದ್ದನ್ನು ಅದೇ ಚೀಟಿಯ ಮೇಲೆ ಗುರುತು ಹಾಕುತ್ತಿದ್ದ. ಮುಂದೆ ಜನಗಣತಿ ಸುಟ್ಟಿತು, ಚೀಟಿಗಳು ಉಳಿದವು. ಊರಲ್ಲೇ ಉಳಿದ ತಂಗಿಯ ಅರ್ಜಿಯಿಂದ ಕಡಲು ದಾಟಿದ ಅಣ್ಣನ ಮನೆ ಪತ್ತೆಯಾಗಬಹುದು.

ನ್ಯೂಯಾರ್ಕಿನಲ್ಲಿ 1850ರಲ್ಲಿ ಶುರುವಾದ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕಿನ ಪುಸ್ತಕಗಳೂ ಅಂಥವೇ. ಹಣ ಕೇಳಲು ಬಂದವರು ಖಾತೆಯ ಒಡೆಯರೇ ಹೌದೋ ಎಂದು ತಿಳಿಯಲು ಬ್ಯಾಂಕು ಹುಟ್ಟೂರು, ಬಂದ ಹಡಗು, ತಂದೆತಾಯಿ, ಒಡಹುಟ್ಟಿದವರ ವಿವರಗಳನ್ನು ಬರೆದಿಟ್ಟುಕೊಂಡಿತ್ತು. ಬಡವರ ಬದುಕು ಹೀಗೆ ಬೇರೆ ಯಾವುದೋ ಕೆಲಸಕ್ಕೆಂದು ಬರೆದ ಹಾಳೆಗಳಲ್ಲೇ ಹೆಚ್ಚಾಗಿ ಉಳಿದಿದೆ.

ಮನೆಯ ಕಥೆಗಳನ್ನು ಇವುಗಳ ಪಕ್ಕದಲ್ಲಿಟ್ಟು ಓದಬೇಕು. ನ್ಯೂಯಾರ್ಕಿನ ವಲಸೆ ತಪಾಸಣಾ ಕೇಂದ್ರವಾದ ಎಲ್ಲಿಸ್ ದ್ವೀಪದ ಅಧಿಕಾರಿ ನಮ್ಮ ಹೆಸರು ಬದಲಿಸಿದ ಎಂಬುದು ಅನೇಕ ಮನೆಗಳ ಮಾತು. ಆ ಕೇಂದ್ರ ತೆರೆದದ್ದೇ 1892ರಲ್ಲಿ. ಅಲ್ಲಿಯವರು ಹಡಗಿನವರು ತಂದ ಪಟ್ಟಿಯನ್ನು ತಾಳೆ ನೋಡುತ್ತಿದ್ದರೇ ಹೊರತು ಹೆಸರಿಡುತ್ತಿರಲಿಲ್ಲ. ಆದರೂ ಅಜ್ಜಿಯ ಬಾಯಲ್ಲಿ ಉಳಿದ ಒಂದು ಬೆಟ್ಟದ ಹೆಸರು, ಒಂದು ತವರಿನ ಹೆಸರು ಎಷ್ಟೋ ಸಲ ಸರಿಯಾದ ಪ್ಯಾರಿಷ್‌ಗೆ ಒಯ್ಯುತ್ತದೆ. ಕಥೆಯ ಸಾಹಸಭಾಗವನ್ನು ಅನುಮಾನಿಸಿ, ಸಪ್ಪೆ ವಿವರವನ್ನು ನಂಬುವುದೇ ಲೇಸು.

ಎಲ್ಲಿಸ್ ದ್ವೀಪಕ್ಕೆ ವಲಸೆ ಬಂದವರಲ್ಲಿ ಮೊದಲಿಗಳಾದ ಕಾರ್ಕ್ ಕೌಂಟಿಯ ಆ್ಯನಿ ಮೂರ್ ಕಥೆ ಇದಕ್ಕೆ ಉದಾಹರಣೆ. ಆಕೆ ಮುಂದೆ ಟೆಕ್ಸಸ್ ಸೇರಿದಳೆಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. 2006ರಲ್ಲಿ ವಂಶಾವಳಿ ಸಂಶೋಧಕಿ ಮೇಗನ್ ಸ್ಮೊಲೆನ್ಯಾಕ್ ದಾಖಲೆ ತೆಗೆದು ನೋಡಿದಾಗ ಟೆಕ್ಸಸ್‌ನ ಆ್ಯನಿ ಹುಟ್ಟಿದ್ದು ಇಲಿನಾಯ್ಸ್‌ನಲ್ಲಿ ಎಂದು ತಿಳಿಯಿತು. ನಿಜವಾದ ಆ್ಯನಿ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ. ಕೆಳ ಮ್ಯಾನ್‌ಹಾಟನ್‌ನಲ್ಲೇ ಸಂಸಾರ ಮಾಡಿ, 1924ರಲ್ಲಿ ತೀರಿಕೊಂಡಿದ್ದಳು. ಗುರುತಿಲ್ಲದ ಆಕೆಯ ಸಮಾಧಿಗೆ 2008ರಲ್ಲಿ ಕಲ್ಲು ನೆಡಲಾಯಿತು.